ಕುಮಟಾ ಪೇಟೆಯ ಹಳೇ ಲಾಡ್ಜೋ, ಹೆದ್ದಾರಿಯ ಹೊಸ ಹೋಟೆಲೋ?

ಏಪ್ರಿಲ್‌ನಲ್ಲಿ ನಾನು, ಹೆಂಡತಿ, ಅಮ್ಮ ಮೂವರೂ ಹುಬ್ಬಳ್ಳಿಯಿಂದ ಕಾರಲ್ಲಿ ಹೊರಟೆವು. ಶಿರಸಿ, ಅಲ್ಲಿಂದ ದೇವಿಮನೆ ಘಾಟಿ ಇಳಿದು ಕುಮಟಾ, ಆಮೇಲೆ ಕಾರವಾರ. ವಾಪಸ್ ಬಂದಿದ್ದು ಅಂಕೋಲಾ, ಯಲ್ಲಾಪುರದ ಮೇಲೆ. ಮೂರು ರಾತ್ರಿ ಮೂರು ಥರದ ಜಾಗದಲ್ಲಿ ಉಳಿದೆವು. 'ಅಮ್ಮನ್ನ ಕರ್ಕೊಂಡು ಪೇಟೆ ಲಾಡ್ಜಿಗೆ ಹೋಗ್ತೀಯಾ?' ಅಂತ ಕೇಳಿದವರೇ ಜಾಸ್ತಿ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಶಿರಸಿ ಹತ್ತಿರದ ಹೋಂಸ್ಟೇ ಬಗ್ಗೆ ಎರಡೇ ಮಾತು. ಅಡಿಕೆ ತೋಟದ ತಂಪು, ಊಟಕ್ಕೆ ತಂಬುಳಿ, ಅಪ್ಪೆಹುಳಿ, ಕೊನೆಗೆ ತೊಡದೇವು. ಎಲ್ಲವೂ ಚೆನ್ನ. ಆದರೆ ಮುಖ್ಯ ರಸ್ತೆ ಬಿಟ್ಟು ತುಂಬ ಒಳಗೆ ಹೋಗಬೇಕು, ಕೊನೆಯ ಹಾದಿ ಬರೀ ಮಣ್ಣು. ಅಲ್ಲಿಗೆ ಹೋದರೆ ಎರಡು ದಿನವಾದರೂ ಇರಬೇಕು. ರಾತ್ರಿ ಮಲಗಿ ಬೆಳಿಗ್ಗೆ ಹೊರಡುವವರಿಗೆ ಅದಲ್ಲ.

ನಿಜವಾದ ಪೈಪೋಟಿ ಇದ್ದದ್ದು ಉಳಿದೆರಡರ ನಡುವೆ: ಕುಮಟಾ ಪೇಟೆಯ ಹಳೇ ಲಾಡ್ಜು, ಕಾರವಾರದ ಹೆದ್ದಾರಿ ಬದಿಯ ಹೊಸ ಹೋಟೆಲು.

ಕುಮಟಾದ ಲಾಡ್ಜ್ ಪೇಟೆಯ ಒಳಗಿದೆ. ಹಂಚಿನ ಮಾಡು, ಮರದ ಮೆಟ್ಟಿಲು, ರಸ್ತೆಗೆ ಮುಖ ಮಾಡಿದ ಉದ್ದನೆಯ ಜಗುಲಿ, ಸವೆದು ನುಣ್ಣಗಾದ ಕೆಂಪು ನೆಲ. ನಾವು ಇಳಿದು ಬಂದ ಘಾಟಿಯಲ್ಲೇ ಹಿಂದೆ ಧಾರವಾಡ ಸೀಮೆಯ ಹತ್ತಿ ಗಾಡಿಗಳು ಕುಮಟಾ ಬಂದರಿಗೆ ಇಳಿಯುತ್ತಿದ್ದವು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು ಹೋದಾಗ ಇಲ್ಲಿನ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಹೊರದೇಶದವರು ಅದನ್ನು ಕುಮಟಾ ಹತ್ತಿ ಅಂತಲೇ ಕರೆಯುತ್ತಿದ್ದರು. ನಾವು ಉಳಿದ ಕಟ್ಟಡ ಅಷ್ಟು ಹಳೆಯದಲ್ಲ. ಆದರೆ ಕೆಲಸಕ್ಕೆ ಬಂದವರಿಗೆ ರಾತ್ರಿ ಜಾಗ ಕೊಡುವ ರೂಢಿ ಈ ಪೇಟೆಗೆ ಹೊಸದೇನೂ ಅಲ್ಲ.

ಅದು ಅಲ್ಲಿನ ದಪ್ಪ ರಿಜಿಸ್ಟರ್‌ನಲ್ಲೇ ಕಾಣುತ್ತದೆ. ಹೆಸರು, ಬಂದ ಊರು, ಹೋಗುವ ಊರು, ಬಂದ ಕೆಲಸ ಅಂತ ನಾಲ್ಕು ಕಾಲಂ. ಅಮ್ಮ ಕನ್ನಡಕ ಹಾಕಿಕೊಂಡು ಮೇಲಿನ ಸಾಲುಗಳನ್ನೆಲ್ಲ ಓದಿದರು. 'ಅಡಿಕೆ ವ್ಯಾಪಾರ', 'ಕೋರ್ಟ್ ಕೆಲಸ', 'ಹೆಣ್ಣು ನೋಡಲು'. ನಮ್ಮ ಸಾಲಿನಲ್ಲಿ ನಾನು 'ಪ್ರವಾಸ' ಅಂತ ಬರೆದೆ. ಯಜಮಾನರು ಹೊರಗೆ ಇಣುಕಿ, 'ಗಾಡಿ ಅಲ್ಲಿ ಬೇಡ ಮಾರಾಯ್ರೆ, ಬೆಳಿಗ್ಗೆ ಮೀನಿನ ಟೆಂಪೋ ಬರ್ತದೆ' ಅಂದರು. ತಾವೇ ಬಂದು ಹಿತ್ತಲ ಕಡೆ ಜಾಗ ತೋರಿಸಿದರು. ಪಾರ್ಕಿಂಗ್ ಅಲ್ಲಿ ನಿಜವಾಗಿಯೂ ಕಷ್ಟ. ದೊಡ್ಡ ಕಾರಾದರೆ ಹಿಡಿಸುವುದಿಲ್ಲ.

ಬಾಡಿಗೆ 900 ರೂಪಾಯಿ, 24 ಗಂಟೆ ಲೆಕ್ಕ. ಸಂಜೆ ಐದಕ್ಕೆ ಒಳಗೆ ಹೋದರೆ ಮರುದಿನ ಸಂಜೆ ಐದರವರೆಗೆ ರೂಮು ನಿಮ್ಮದೇ. ರಸ್ತೆ ಪ್ರಯಾಣದವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು ಹೇಳಿ! ಬೆಳಿಗ್ಗೆ ಊರು ಸುತ್ತಿ, ಮಧ್ಯಾಹ್ನ ಸ್ನಾನ ಮಾಡಿ, ಒಂದು ಗಳಿಗೆ ಮಲಗಿ ಹೊರಡಬಹುದು. ಕಾರವಾರದ ಹೋಟೆಲಿನಲ್ಲಿ 2,800 ರೂಪಾಯಿ. ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಮಾಡಿ ಅಂತ ಹತ್ತೂಕಾಲಿಗೇ ಫೋನ್ ಬಂತು.

ಬಚ್ಚಲಿನ ವಿಷಯದಲ್ಲಿ ಮಾತ್ರ ಹೊಸ ಹೋಟೆಲೇ ಮೇಲು. ಲಿಫ್ಟ್ ಇತ್ತು, ಕುರ್ಚಿಯಂತೆ ಕೂರುವ ಕಮೋಡ್ ಇತ್ತು, ಬಿಸಿನೀರು ಯಾವಾಗ ಬೇಕಾದರೂ ಬರುತ್ತಿತ್ತು. ಲಾಡ್ಜಿನಲ್ಲಿ ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ, ಅದೂ ಬಕೆಟ್ಟಿನಲ್ಲಿ. ಮೆಟ್ಟಿಲು ಕಡಿದು. ಮಂಡಿ ನೋವಿನ ಅಮ್ಮ ಹಗ್ಗ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವುದನ್ನು ನೋಡಿ ನನಗೆ ಸಂಕಟವಾಯಿತು. ಕೆಳಗಿನ ರೂಮು ಕೇಳದೆ ಹೋದದ್ದು ನನ್ನದೇ ತಪ್ಪು.

ಸೆಕೆಯ ಲೆಕ್ಕ ಬೇರೆಯೇ ಆಯಿತು. ಏಪ್ರಿಲ್ ಕರಾವಳಿ ಗೊತ್ತಲ್ವಾ, ಮೈಗೆ ಬಟ್ಟೆ ಅಂಟಿಕೊಳ್ಳುತ್ತದೆ. ಎಸಿ ಇದೆ ಅಂತಲೇ ಹೊಸ ಹೋಟೆಲ್ ಹಿಡಿದಿದ್ದೆ. ರಾತ್ರಿ ಒಂದೂವರೆಗೆ ಕರೆಂಟ್ ಹೋಯಿತು. ಜನರೇಟರಿಗೆ ಲೈಟು, ಲಿಫ್ಟು ಅಷ್ಟೇ. ಕಿಟಕಿಗೆ ಪೂರ್ತಿ ಗಾಜು, ತೆಗೆಯಲು ಬರುವುದಿಲ್ಲ. ಬಾಗಿಲು ತೆರೆದಿಟ್ಟು ಬೆಳಗಿನವರೆಗೂ ಕುಳಿತೆವು. ಲಾಡ್ಜಿನಲ್ಲಿ ಬರೀ ಫ್ಯಾನು, ಸೊಳ್ಳೆ ಪರದೆ. ಆದರೆ ಎತ್ತರದ ಮಾಡು, ಎದುರುಬದುರು ಕಿಟಕಿ. ಹತ್ತು ಗಂಟೆ ಮೇಲೆ ಗಾಳಿ ಆಡತೊಡಗಿತು. ಅಮ್ಮ ಹೊದಿಕೆ ಕೇಳಿದರು.

ಗಲಾಟೆ ಎರಡೂ ಕಡೆ ಇತ್ತು. ಕಾರವಾರದಲ್ಲಿ ರಾತ್ರಿಯಿಡೀ ಲಾರಿಗಳ ಸದ್ದು. ಕುಮಟಾದಲ್ಲಿ ಐದಕ್ಕೇ ಪೇಟೆ ಎದ್ದಿತು. ಆ ಸದ್ದಿಗೆ ಎದ್ದದ್ದು ನನಗೇನೂ ಬೇಸರವಾಗಲಿಲ್ಲ. ಕೆಳಗಿಳಿದು ನಾಲ್ಕು ಹೆಜ್ಜೆ ನಡೆದರೆ ಬನ್ಸ್, ಭಾಜಿ, ಚಾ. ಆಚೆ ಬದಿಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಕುತ್ತಿಗೆ ತುಂಬ ಕರಿಮಣಿ ಹಾಕಿಕೊಂಡು ತರಕಾರಿ ಹರಡಿ ಕುಳಿತಿದ್ದರು. ಒಬ್ಬಾಕೆ ಸಿಹಿ ಈರುಳ್ಳಿಯನ್ನು ಒಣಗಿದ ಎಲೆಯ ಸಮೇತ ಜಡೆ ಹೆಣೆದ ಹಾಗೆ ಹೆಣೆದು ಗೊಂಚಲು ಮಾಡುತ್ತಿದ್ದಳು. ಹೆಂಡತಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಅರ್ಧ ಗಂಟೆ ಮಾತಾಡಿದಳು. ಎರಡು ಗೊಂಚಲು ಈಗಲೂ ನಮ್ಮ ಅಡುಗೆಮನೆಯಲ್ಲಿ ತೂಗುತ್ತಿವೆ. ಕಾರವಾರದ ಹೋಟೆಲಿನಿಂದ ಒಂದು ಚಾಕ್ಕೂ ಕಾರು ತೆಗೆಯಬೇಕಿತ್ತು. ಎದುರಿಗಿದ್ದ ಅಂಗಡಿಗೆ ಹೋಗಲು ನಾಲ್ಕು ಪಥದ ಹೆದ್ದಾರಿ ದಾಟುವ ಧೈರ್ಯ ಅಮ್ಮನಿಗೆ ಬರಲಿಲ್ಲ. ಮೂರು ದಿನದಲ್ಲಿ ನಾವು ಕಾರು ಮರೆತು ಓಡಾಡಿದ್ದು ಕುಮಟಾದಲ್ಲಿ ಮಾತ್ರ.

ಚಿಕ್ಕ ಮಕ್ಕಳಿದ್ದರೆ, ಮನೆಯವರಿಗೆ ಕಮೋಡ್ ಬೇಕೇ ಬೇಕು ಅಂದರೆ ಹೆದ್ದಾರಿಯ ಹೋಟೆಲನ್ನೇ ಹಿಡಿಯಿರಿ. ತೆರೆಯುವ ಕಿಟಕಿ ಇದೆಯಾ ಅಂತ ಮೊದಲೇ ಕೇಳಿ. ನಾನಂತೂ ಮುಂದಿನ ಸಲ ಮತ್ತೆ ಪೇಟೆಯ ಲಾಡ್ಜಿಗೇ ಹೋಗುವವನು. ಕೆಳಗೆ ಇರುವುದು ಒಂದೇ ರೂಮು, ಎರಡು ದಿನ ಮೊದಲು ಫೋನ್ ಮಾಡಿದರೆ ಇಟ್ಟಿರುತ್ತೇನೆ ಅಂತ ಯಜಮಾನರು ಅಮ್ಮನಿಗೇ ಹೇಳಿ ಕಳಿಸಿದ್ದಾರೆ.