ಮುಂಬೈ ಹತ್ರದ ಡೊಂಬಿವಲಿ ಈಸ್ಟ್‌ನ ಸ್ಪೋಕನ್ ಇಂಗ್ಲಿಷ್ ಕ್ಲಾಸು, ಸೇರ್ಬೋದಾ?

ಸೇರ್ಬೋದು. ಆದ್ರೆ ತಿಂಗಳೊಳಗೆ ಪಟಪಟ ಇಂಗ್ಲಿಷ್ ಬರ್ಬೇಕು ಅನ್ನೋರಿಗಲ್ಲ. ಶನಿವಾರ ಸಂಜೆ, ಸ್ಟೇಷನ್‌ನಿಂದ ನಡ್ಕೊಂಡೇ ಹೋಗ್ಬೋದು, ಮೇಡಂ ಧಾರವಾಡ ಕಡೆಯೋರು, ಬರೋರು ಉಡುಪಿ ಹೋಟೆಲ್ ಕ್ಯಾಷಿಯರ್‌ಗಳು, ಬ್ಯಾಂಕ್‌ನೋರು, ನನ್ ತರ ಅಕೌಂಟ್ಸ್‌ನೋರು.

ಇವರ ಸ್ಟೈಲ್ ಏನಂದ್ರೆ ಒಂದೇ ಕ್ರಿಯಾಪದ ಹಿಡ್ಕೊಂಡು ಇಡೀ ಕ್ಲಾಸ್ ಜಾಲಾಡೋದು. ಹೋದ್ವಾರ ಪ್ರಮೋಟ್. ನಮ್ ಆಫೀಸಲ್ಲಿ ದಿನಾ ಕೇಳೋದು ‘ಹೀ ಪ್ರಮೋಟೆಡ್ ಆಸ್ ಮ್ಯಾನೇಜರ್’. ಮೇಡಂ ಅಂದ್ರು, ಬಡ್ತಿ ಕೊಡೋದು ಕಂಪನಿ, ಅವನಿಗೆ ಸಿಕ್ಕಿದ್ದು, ಹಂಗಾಗಿ ‘ಹೀ ವಾಸ್ ಪ್ರಮೋಟೆಡ್’, ಆ ‘ವಾಸ್’ ಬಿಟ್ರೆ ಅವನೇ ಇನ್ಯಾರಿಗೋ ಬಡ್ತಿ ಕೊಟ್ಟಂಗೆ. ‘ಆಸ್’ ಇಲ್ಲಿ ನಡೀತದ, ಹೊರದೇಶದ ಇಂಟರ್ವ್ಯೂನಲ್ಲಿ ‘ಪ್ರಮೋಟೆಡ್ ಟು ಮ್ಯಾನೇಜರ್’ ಅನ್ರಿ, ಮಧ್ಯ ‘ಎ’, ‘ದಿ’ ಏನೂ ಬ್ಯಾಡ. ಪ್ರಮೋಷನ್‌ಗೆ ಮಾತ್ರ ‘ಎ’ ಬೇಕಂತೆ, ‘ಐ ಗಾಟ್ ಎ ಪ್ರಮೋಷನ್’.

ಒಬ್ಬ ಹುಡುಗ ಕೇಳ್ದ, ಮೇಡಂ ಮಾರ್ಕ್ಸ್‌ಕಾರ್ಡಲ್ಲಿ ಪ್ರಮೋಟೆಡ್ ಟು ಎಂಟನೇ ಕ್ಲಾಸ್ ಅಂತ ಇರತ್ತಲ್ಲ, ಅದೂ ಇದೇನಾ? ಅದೂ ಇದೇ ಅಂತೆ. ರಣಜಿ ಕ್ರಿಕೆಟ್‌ನಲ್ಲಿ ಕೆಳಗಿನ ಪ್ಲೇಟ್ ಗ್ರೂಪ್‌ನಿಂದ ಮೇಲಿನ ಎಲೀಟ್‌ಗೆ ಹೋದ ಟೀಮ್‌ಗೂ ಇದೇ ಮಾತು, ಚೆಸ್‌ನಲ್ಲಿ ಕೊನೇ ಸಾಲು ಮುಟ್ಟಿದ ಪಾನ್, ಅಂದ್ರೆ ಕಾಲಾಳು, ಕ್ವೀನ್ ಆಗೋದೂ ಪ್ರಮೋಷನ್ನೇ. ಕೆಳಗಿಳಿಸೋದು ಮಾತ್ರ ಬೇರೆ ಬೇರೆ, ನೌಕರನಾದ್ರೆ ಡಿಮೋಟ್, ಫುಟ್‌ಬಾಲ್ ಟೀಮ್ ಕೆಳಗಿನ ಲೀಗ್‌ಗೆ ಬಿದ್ರೆ ರೆಲಿಗೇಟ್. ಹೊಸ ಸಾಬೂನಿನ ಜಾಹೀರಾತು ಮಾಡೋದೂ ಪ್ರಮೋಟ್, ಸ್ಕೂಲಲ್ಲಿ ಓದೋ ಅಭ್ಯಾಸ ಬೆಳೆಸೋದೂ ಪ್ರಮೋಟ್. ಆಮೇಲೆ ನಂಗೆ ತುಂಬಾ ಹಿಡಿಸಿದ್ದು ಪ್ರಮೋಟರ್, 2016ರ ರೇರಾ ಅನ್ನೋ ರಿಯಲ್ ಎಸ್ಟೇಟ್ ಕಾನೂನಲ್ಲಿ ಫ್ಲಾಟ್ ಕಟ್ಟಿ ಮಾರೋ ಬಿಲ್ಡರ್‌ಗೆ ಅದೇ ಹೆಸರು, ಅವನಿಗೆ ಬಡ್ತಿ ಯಾರು ಕೊಟ್ರೋ ಗೊತ್ತಿಲ್ಲ! ಇಲ್ಲಿ ಫ್ಲಾಟ್ ಹುಡುಕ್ತಿರೋ ಅರ್ಧ ಕ್ಲಾಸ್ ಮಹಾರೇರಾ, ಅಂದ್ರೆ ಮಹಾರಾಷ್ಟ್ರದ ರೇರಾ ಸೈಟ್ ತೆಗ್ದು ಕೂತ್ಬಿಡ್ತು, ಪಾಠ ಅಲ್ಲಿಗೆ ಹತ್ತು ನಿಮಿಷ ನಿಂತೋಯ್ತು.

ಇನ್ನು ಬೇಜಾರಿನ ವಿಷ್ಯ. ಕೊಡೋ ಝೆರಾಕ್ಸ್ ನೋಟ್ಸ್ ಮಸಿ ಮಸಿ, ಓದಕ್ಕಾಗಲ್ಲ. ಮಾತಾಡ್ಸೋದು ಕಮ್ಮಿ, ಸ್ಪೋಕನ್ ಅಂತ ಬೋರ್ಡ್ ಹಾಕಿ ಗ್ರಾಮರ್‌ನಲ್ಲೇ ಟೈಮ್ ಕಳೀತಾರೆ, ಮುಂದಿನ ಬೆಂಚ್‌ನೋರು ಬಾಯಿ ಬಿಡ್ತಾರೆ, ಹಿಂದೆ ಕೂತೋರು ತಲೆ ಆಡಿಸ್ತಾರೆ ಅಷ್ಟೆ. ಆಫೀಸಲ್ಲಿ ಮೇಲ್ ಬರೆಯೋ ಕೆಲ್ಸ ಇರೋರಿಗೆ ಕಣ್ಮುಚ್ಚಿ ಹೇಳ್ತೀನಿ, ಹೋಗಿ. ಫೋನಲ್ಲಿ ಮಾತಾಡೋ ಧೈರ್ಯ ಬರ್ಬೇಕು ಅಂತಿದ್ರೆ ಬೇರೆ ನೋಡಿ. ಫೀಸು ಮೂರು ತಿಂಗಳದ್ದು ಒಟ್ಟಿಗೆ ಕೇಳ್ತಾರೆ, ಮೊದ್ಲು ಒಂದು ತಿಂಗಳದ್ದು ಕೊಡ್ತೀನಿ ಮೇಡಂ ಅಂದ್ರೆ ಒಪ್ತಾರೆ.