ಬಸವನಗುಡಿಯ ಹಳೆಯ ಮನೆಯಲ್ಲಿ ಕಾರ್ಡ್‌ಲೆಸ್ ಫೋನ್

ಅತ್ತೆಯವರ ಬಳಕೆಗೆಂದು ಎಸ್.ಪಿ. ರಸ್ತೆಯಲ್ಲಿ ಕೊಂಡ ಈ ಕಾರ್ಡ್‌ಲೆಸ್ ಫೋನಿನ ಧ್ವನಿ ಸ್ಪಷ್ಟವಾಗಿದೆ. ಗುಂಡಿಗಳೂ ದೊಡ್ಡವು, ಕನ್ನಡಕವಿಲ್ಲದೆಯೇ ಅಂಕಿಗಳು ಕಾಣುತ್ತವೆ. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿರುವ 300 ಮೀಟರ್ ವ್ಯಾಪ್ತಿ ಬಯಲಿಗೆ ಮಾತ್ರ ಅನ್ವಯಿಸುತ್ತದೆ, ಮನೆಯೊಳಗೆ ತಯಾರಕರೇ ಹೇಳುವುದು ಸುಮಾರು 50 ಮೀಟರ್. ನಮ್ಮ ದಪ್ಪ ಕಲ್ಲುಗೋಡೆಗಳ ಮನೆಯಲ್ಲಿ ಹಿತ್ತಲ ಬಾಗಿಲು ದಾಟುವಷ್ಟರಲ್ಲಿ ಮಾತು ತುಂಡಾಗುತ್ತಿತ್ತು. ಲೈನ್‌ಗೂ ಕರೆಂಟಿಗೂ ಜೋಡಿಸುವ ಪೆಟ್ಟಿಗೆಯನ್ನು, ಅಂದರೆ ಬೇಸ್ ಅನ್ನು, ವೈಫೈ ರೂಟರಿನ ಪಕ್ಕದಿಂದ ತೆಗೆದು ನಡುಮನೆಯ ಎತ್ತರದ ಗೂಡಿನಲ್ಲಿಟ್ಟ ಮೇಲೆ ಆ ತೊಂದರೆ ಬಹುಮಟ್ಟಿಗೆ ನೀಗಿತು.

ಹ್ಯಾಂಡ್‌ಸೆಟ್‌ನಲ್ಲಿರುವುದು ರೀಚಾರ್ಜ್ ಆಗುವ ಎರಡು ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು. ಅವು ಸವೆದಾಗ ಅದೇ ಬಗೆಯವನ್ನೇ ಹಾಕಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಾಮಾನ್ಯ ಸೆಲ್ ಹಾಕಿ ಚಾರ್ಜಿಗಿಟ್ಟರೆ ಅದು ಸೋರಬಹುದು, ಸಿಡಿಯಲೂಬಹುದು. ಈ ಎಚ್ಚರಿಕೆಯನ್ನು ಕೈಪಿಡಿಯಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಅಚ್ಚು ಹಾಕಿರುವುದು ಸರಿಯಲ್ಲ.

ಇನ್ನೊಂದು ಕೊರತೆ ಈ ಬಗೆಯ ಬಹುತೇಕ ಫೋನುಗಳಿಗೆ ಸೇರಿದ್ದು: ಕರೆಂಟು ಹೋದರೆ ಬೇಸ್ ನಿಂತು, ಲೈನ್ ಸರಿಯಿದ್ದರೂ 112ಕ್ಕೆ ಕೂಡ ಕರೆ ಹೋಗುವುದಿಲ್ಲ. ಹಿರಿಯರು ಒಬ್ಬರೇ ಇರುವ ಮನೆಯಲ್ಲಿ ಬೇಸನ್ನೂ ಫೈಬರ್ ಸಂಪರ್ಕವಿದ್ದರೆ ಅದರ ಪೆಟ್ಟಿಗೆಯನ್ನೂ ಯುಪಿಎಸ್‌ಗೆ ಜೋಡಿಸುವುದು, ಗುಡುಗು ಮಳೆಗೆ ಮುನ್ನ ಅಡಾಪ್ಟರ್ ಮತ್ತು ಲೈನ್ ಎರಡನ್ನೂ ಬಿಡಿಸಿ ಮೊಬೈಲನ್ನು ಕೈಗೆಟಕುವಂತಿಡುವುದು ಅಗತ್ಯ.