ಮಳೆಗಾಲಕ್ಕೆ ಗಾಥಿಕ್ ಕಾದಂಬರಿಗಳು: ಎಲ್ಲಿಂದ ಆರಂಭಿಸಬೇಕು?

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯ ಒಳಭಾಗದಲ್ಲಿರುವ ನಮ್ಮ ತೊಟ್ಟಿಮನೆಯಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಕರೆಂಟನ್ನು ನಂಬುವಂತಿಲ್ಲ. ಕಳೆದ ಎರಡು ಮಳೆಗಾಲಗಳ ಸಂಜೆಗಳನ್ನು ನಾನು ಇಂಗ್ಲಿಷಿನ ಗಾಥಿಕ್ ಕಾದಂಬರಿಗಳಿಗೆ ಮೀಸಲಿಟ್ಟೆ. ಇವು ದೆವ್ವದ ಕಥೆಗಳೆಂದು ತಿಳಿದು ದೂರವಿಡುವವರು ನಮ್ಮಲ್ಲಿ ಬಹಳ. ಆದರೆ ಒಂದು ದೊಡ್ಡ ಮನೆ ಯಾರ ಕೈಯಿಂದ ಯಾರ ಕೈಗೆ ಯಾವ ಅನ್ಯಾಯದ ಮೂಲಕ ಬಂತು, ಹೊರಗಿನಿಂದ ಬಂದ ಹೆಣ್ಣು ಅದಕ್ಕೆ ಏನು ತೆರುತ್ತಾಳೆ ಎಂಬುದೇ ಈ ಪ್ರಕಾರದ ಜೀವಾಳವೆಂದು ಓದುತ್ತ ಹೋದಂತೆ ನನಗೆ ಮನದಟ್ಟಾಯಿತು. ಪಾಲುಪಾರೀಕತ್ತಿನ ಮಾತುಗಳನ್ನು ಜಗಲಿಯಲ್ಲಿ ಕೇಳಿ ಬೆಳೆದ ಮಲೆನಾಡಿನ ಓದುಗರಿಗೆ ಇದು ಪರಕೀಯವಾದ ವಸ್ತುವೇನಲ್ಲ.

ಹೊರೇಸ್ ವಾಲ್ಪೋಲನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' 1764ರಲ್ಲಿ ಬಂದಿತು. ಮರುವರ್ಷದ ಎರಡನೆಯ ಆವೃತ್ತಿಯಲ್ಲಿ ಅವನು ಅದನ್ನು 'ಗಾಥಿಕ್ ಕಥೆ' ಎಂದು ಕರೆದ. ಮದುವೆಯ ದಿನವೇ ಮದುಮಗನ ಮೇಲೆ ದೈತ್ಯಾಕಾರದ ಶಿರಸ್ತ್ರಾಣ ಬಿದ್ದು ಅವನು ಸಾಯುತ್ತಾನೆ. ವಂಶ ಮುಗಿದುಹೋಗುವುದೆಂಬ ಭಯದಿಂದ ಅವನ ತಂದೆ, ಸೊಸೆಯಾಗಬೇಕಿದ್ದವಳನ್ನೇ ಮದುವೆಯಾಗಲು ಹೊರಡುತ್ತಾನೆ. ಇಡೀ ಅನರ್ಥದ ಬೇರು ಅಜ್ಜನ ಕಾಲದ ವಿಷಪ್ರಾಶನ ಮತ್ತು ಸುಳ್ಳು ಉಯಿಲಿನಲ್ಲಿದೆ. ಈ ವಸ್ತು ಘನವಾದದ್ದೇ, ಆದರೆ ಪಾತ್ರಗಳು ಗೊಂಬೆಗಳಂತೆ ಓಡಾಡುತ್ತವೆ. ಆದ್ದರಿಂದ ಇದರಿಂದ ಆರಂಭಿಸಬೇಡಿರೆಂದು ನನ್ನ ಸಲಹೆ.

ಆರಂಭಕ್ಕೆ ತಕ್ಕದ್ದು ಡ್ಯಾಫ್ನೆ ಡು ಮೊರಿಯೆಯವರ 'ರೆಬೆಕಾ' (1938). ಶ್ರೀಮಂತ ಮಹಿಳೆಯೊಬ್ಬಳ ಜೊತೆಗಾತಿಯಾಗಿ ಸಂಬಳಕ್ಕಿದ್ದ ಹುಡುಗಿಯೊಬ್ಬಳು ವಿಧುರನೊಬ್ಬನನ್ನು ಮದುವೆಯಾಗಿ ಮ್ಯಾಂಡರ್ಲಿ ಎಂಬ ಮಹಾಸೌಧಕ್ಕೆ ಬರುತ್ತಾಳೆ. ಕಥೆ ಹೇಳುವವಳು ಅವಳೇ ಆದರೂ ಅವಳ ಹೆಸರು ಕೊನೆಯವರೆಗೂ ನಮಗೆ ತಿಳಿಯುವುದಿಲ್ಲ. ಮನೆಯ ತುಂಬ ಇರುವುದು ತೀರಿಹೋದ ಮೊದಲ ಹೆಂಡತಿಯ ಹೆಸರು. ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಸತ್ತವಳ ಕೋಣೆಯನ್ನು ಅವಳಿದ್ದಾಗ ಇದ್ದಂತೆಯೇ ಕಾಯ್ದುಕೊಂಡಿದ್ದಾಳೆ. ನನ್ನನ್ನು ಬಹಳವಾಗಿ ಕಲಕಿದ್ದು ಒಂದು ಸಣ್ಣ ಪ್ರಸಂಗ. ಹೊಸ ಹೆಂಡತಿ ಕೈತಪ್ಪಿ ಪಿಂಗಾಣಿಯ ಗೊಂಬೆಯೊಂದನ್ನು ಒಡೆಯುತ್ತಾಳೆ, ಚೂರುಗಳನ್ನು ಮೇಜಿನ ಸೆಳೆಖಾನೆಯಲ್ಲಿ ಬಚ್ಚಿಡುತ್ತಾಳೆ, ಮುಂದೆ ಆ ತಪ್ಪು ಆಳೊಬ್ಬನ ತಲೆಗೆ ಬರುತ್ತದೆ. ಮನೆಯ ಒಡತಿಯೇ ತನ್ನ ಮನೆಯಲ್ಲಿ ಕಳ್ಳಿಯಂತೆ ನಡುಗುವ ಆ ಪುಟಗಳನ್ನು ಓದುವಾಗ, ಯಾವ ಬೀಗದ ಕೈ ಯಾವ ಪೆಟ್ಟಿಗೆಗೆ ಎಂದು ಕೇಳುವುದಕ್ಕೂ ಹೆದರುತ್ತಿದ್ದೆನೆಂದು ಅಜ್ಜಿ ತಮ್ಮ ಮದುವೆಯ ಹೊಸತನ್ನು ನೆನೆಯುತ್ತಿದ್ದದ್ದು ನನ್ನ ಕಿವಿಯಲ್ಲಿತ್ತು. ಇಡೀ ಕಾದಂಬರಿಯಲ್ಲಿ ಒಂದು ದೆವ್ವವೂ ಇಲ್ಲ, ಭಯಕ್ಕೆ ಕೊರತೆಯೂ ಇಲ್ಲ. ಭಾಷೆಯೂ ಸರಳವಾಗಿದೆ.

ಎಮಿಲಿ ಬ್ರಾಂಟೆಯ 'ವದರಿಂಗ್ ಹೈಟ್ಸ್' (1847) ಇದಕ್ಕಿಂತ ದೊಡ್ಡ ಕೃತಿ, ಹೆಚ್ಚು ಕಷ್ಟದ ಕೃತಿ ಕೂಡ. ಅದನ್ನು ಪ್ರೇಮಕಥೆಯೆಂದಷ್ಟೇ ಹೊಗಳುವವರು, ಮನೆಗೆ ಅನಾಥನಾಗಿ ಬಂದ ಹೀತ್‌ಕ್ಲಿಫ್ ಜೂಜು ಮತ್ತು ಅಡಮಾನದ ದಾರಿಯಿಂದ ಆ ಮನೆಯನ್ನೇ ಕೈವಶ ಮಾಡಿಕೊಳ್ಳುವ ಕ್ರಮವನ್ನು ಗಮನಿಸಿ ಓದಬೇಕು. ಮುದಿ ಆಳು ಜೋಸೆಫನ ಯಾರ್ಕ್‌ಶೈರ್ ಆಡುನುಡಿ ಕಣ್ಣಿಗೆ ತೊಡಕಾದರೆ ಗಟ್ಟಿಯಾಗಿ ಓದಿಕೊಳ್ಳಿ, ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದೇ ವರ್ಷ ಬಂದ ಶಾರ್ಲೆಟ್ ಬ್ರಾಂಟೆಯ 'ಜೇನ್ ಏರ್' ಓದಿದವರು ಜೀನ್ ರೀಸ್ ಅವರ 'ವೈಡ್ ಸರ್ಗಾಸೊ ಸೀ' (1966) ಯನ್ನು ಬೆನ್ನಿಗೇ ಓದಬೇಕೆಂಬುದು ನನ್ನ ಆಗ್ರಹ. ಮೊದಲನೆಯದರಲ್ಲಿ ಮೇಲ್ಮಹಡಿಯಲ್ಲಿ ಬೀಗದೊಳಗಿದ್ದ ಹುಚ್ಚಿಗೆ ಎರಡನೆಯದರಲ್ಲಿ ಬಾಲ್ಯ, ಊರು, ಮಾತು ಎಲ್ಲವೂ ದೊರಕುತ್ತವೆ.

ಬ್ರಾಮ್ ಸ್ಟೋಕರನ 'ಡ್ರಾಕುಲಾ' (1897) ಕೂಡ ಒಂದು ಮನೆ ಖರೀದಿಯ ವ್ಯವಹಾರದಿಂದಲೇ ತೊಡಗುತ್ತದೆ. ಲಂಡನ್ ಬಳಿಯ ಆಸ್ತಿಯ ಕಾಗದಪತ್ರ ಹಿಡಿದು ಟ್ರಾನ್ಸಿಲ್ವೇನಿಯಾಕ್ಕೆ ಹೋಗುವ ಯುವ ವಕೀಲನ ದಿನಚರಿಯಿರುವ ಮೊದಲ ನಾಲ್ಕು ಅಧ್ಯಾಯಗಳಿಗೆ ಸಾಟಿಯಿಲ್ಲ. ನಡುವೆ, ರಕ್ತ ಹೀರುವ ಪಿಶಾಚಿ ಡ್ರಾಕುಲಾನ ಬೆನ್ನುಹತ್ತುವ ವೈದ್ಯ ವ್ಯಾನ್ ಹೆಲ್ಸಿಂಗನ ಉದ್ದುದ್ದ ಭಾಷಣಗಳಲ್ಲಿ ಕಥೆ ಕುಂಟುತ್ತದೆ.

ಹೊಸ ಕಾಲದವುಗಳಲ್ಲಿ ನಾನು ಶಿಫಾರಸು ಮಾಡುವುದು ಸಿಲ್ವಿಯಾ ಮೊರೆನೊ-ಗಾರ್ಸಿಯಾ ಅವರ 'ಮೆಕ್ಸಿಕನ್ ಗಾಥಿಕ್' (2020). 1950ರ ಸುಮಾರಿನ ಮೆಕ್ಸಿಕೊದ ಮಂಜು ಕವಿದ ಬೆಟ್ಟದ ಮೇಲೆ, ಬೆಳ್ಳಿಯ ಗಣಿಯಿಂದ ಹಣ ಮಾಡಿದ ಇಂಗ್ಲಿಷ್ ಕುಟುಂಬವೊಂದರ ಮನೆ. ಅಲ್ಲಿಗೆ ಮದುವೆಯಾಗಿ ಹೋದ ಸೋದರಸಂಬಂಧಿಯ ಗಾಬರಿಯ ಪತ್ರ ಓದಿ ನೊಯೆಮಿ ಎಂಬ ನಗರದ ಹುಡುಗಿ ಬರುತ್ತಾಳೆ. ಗೋಡೆಗೆ, ಪುಸ್ತಕಕ್ಕೆ, ಕೊನೆಗೆ ಕನಸಿಗೂ ಬೂಷ್ಟು ಹಿಡಿಯುವ ಆ ಮನೆಯ ವರ್ಣನೆಯನ್ನು ಬಯಲುಸೀಮೆಯವರು ಕಲ್ಪನೆಯೆಂದು ಓದಬಹುದು. ಆಶ್ಲೇಷಾ ಮಳೆಯಲ್ಲಿ ಪೆಟ್ಟಿಗೆಯ ಸೀರೆಯನ್ನೂ ಕಪಾಟಿನ ಚಪ್ಪಲಿಯನ್ನೂ ಒರೆಸಿ ಒರೆಸಿ ಸೋತವರಿಗೆ ಅದರ ಪ್ರತಿ ವಾಕ್ಯವೂ ಮೈಗೆ ತಾಗುತ್ತದೆ. ಗಣಿಯಲ್ಲಿ ದುಡಿದು ಸತ್ತವರ ಲೆಕ್ಕವನ್ನು ಲೇಖಕಿ ಮರೆಯುವುದಿಲ್ಲ, ಈ ಪುಸ್ತಕದ ಬಲವಿರುವುದು ಅಲ್ಲಿ. ಕೊನೆಯ ಭಾಗದಲ್ಲಿ ಎಲ್ಲವನ್ನೂ ಬಿಡಿಸಿ ಹೇಳುವ ಆತುರ ಕಾಣುತ್ತದೆ, ಅದೊಂದು ಕುಂದು.

ಶರ್ಲಿ ಜಾಕ್ಸನ್ ಅವರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' (1959) ಅಂಥ ವಿವರಣೆಯನ್ನೇ ಕೊಡುವುದಿಲ್ಲ. ಚಿಕ್ಕ ಪುಸ್ತಕ, ಎರಡು ರಾತ್ರಿಗಳಲ್ಲಿ ಮುಗಿಯುತ್ತದೆ. ಹಳೆಯ ಕೃತಿಗಳನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅಚ್ಚಿನ ಪ್ರತಿಯೇ ಬೇಕೆನ್ನುವವರು ಕೊಳ್ಳುವ ಮುನ್ನ ಅಕ್ಷರದ ಗಾತ್ರ ನೋಡಿಕೊಳ್ಳಿ: ನಾನು ತರಿಸಿದ 'ಡ್ರಾಕುಲಾ'ದ ಅಗ್ಗದ ಪ್ರತಿಯ ಇರುವೆಯಂಥ ಅಕ್ಷರಗಳನ್ನು ಚಾರ್ಜರ್ ಲೈಟಿನ ಬೆಳಕಿನಲ್ಲಿ ಓದಲಾಗದೆ, ಮತ್ತೆ ಹಣ ಕೊಟ್ಟು ಬೇರೆ ಪ್ರತಿ ಕೊಳ್ಳಬೇಕಾಯಿತು.